ಒಂಟಿ ಎಲೆಕ್ಟ್ರಾನಿನ ಕಳವು

ಬೆಳಗ್ಗೆ ಒಂಬತ್ತೂಕಾಲಿಗೆ ಸಂಶೋಧನಾ ವಿದ್ಯಾರ್ಥಿನಿಯೊಬ್ಬಳು ಠಾಣೆಗೆ ತಂದ ದೂರನ್ನು ಓದಿ ಇನ್ಸ್‌ಪೆಕ್ಟರ್ ತಲೆ ಕೆರೆದುಕೊಂಡರು. ಕಳವಾದ ಮಾಲು, ಒಂದು ಚಿಟಿಕೆ ನೀಲಿ ಹರಳು.

"ಏನಮ್ಮಾ ಇದು, ವಜ್ರಾನಾ?"

"ರ್‍ಯಾಡಿಕಲ್, ಸರ್. ಎಲೆಕ್ಟ್ರಾನುಗಳು ಜೋಡಿಯಾಗಿರ್ತವೆ, ಇದರಲ್ಲಿ ಒಂದು ಒಂಟಿ. ಸಿಕ್ಕಿದ್ದಕ್ಕೆಲ್ಲ ಅಂಟ್ಕೊಂಡು ಹಾಳಾಗುತ್ತೆ. ಲೋಹಕ್ಕೆ ಇಂಗಾಲದ ದೊಡ್ಡ ಗುಂಪುಗಳನ್ನ ಜೋಡಿಸಿ ಹೇಗೋ ಉಳಿಸ್ಕೊಂಡಿದ್ದೆ. ಗಾಳಿ ತಾಗಿದ್ರೆ ಮುಗೀತು. ಸೋಮವಾರ ಪರೀಕ್ಷಕರು ಬರ್ತಾರೆ, ಏನು ತೋರಿಸ್ಲಿ?"

ಎಫ್‌ಐಆರ್ ದಾಖಲಾಯಿತು. ಪ್ರಯೋಗಾಲಯದಲ್ಲಿ, ಗಾಳಿಯ ಬದಲು ಯಾವುದಕ್ಕೂ ಅಂಟದ ಆರ್ಗಾನ್ ಅನಿಲ ತುಂಬಿದ ಗಾಜಿನ ಪೆಟ್ಟಿಗೆಯಿಂದ ರಬ್ಬರ್ ಕೈಗವಸುಗಳು ಹೊರಚಾಚಿದ್ದವು. ಪಂಚನಾಮೆ ಬರೆಯಬೇಕಿದ್ದ ಕಾನ್‌ಸ್ಟೆಬಲ್ ಅದರ ಕೈ ಕುಲುಕಿದ. ಇನ್ಸ್‌ಪೆಕ್ಟರ್ ಕೆಕ್ಕರಿಸಿ ನೋಡಿದರು.

"ಒಳಗಿನದನ್ನ ಹೊರಗೆ ತೆಗೆಯೋದು ಹೇಗೆ?"

"ಪಕ್ಕದ ಈ ಚಿಕ್ಕ ಗೂಡಿನಿಂದ. ತೆಗೆದಾದ್ಮೇಲೆ ಬಾಗಿಲು ಹಾಕಿ, ಮುಂದಿನವರಿಗೋಸ್ಕರ ಪಂಪಿನಿಂದ ಅದರ ಗಾಳಿ ಎಳೆದಿಟ್ಟು ಹೋಗ್ತೀವಿ."

"ಇವತ್ತು ನೀವು ಬಂದಾಗ?"

"ಎಳೆದಿಟ್ಟೇ ಇತ್ತು."

ಇನ್ಸ್‌ಪೆಕ್ಟರಿಗೆ ನಗು ಬಂತು. ಕದ್ದು ಹೋಗುವ ಗಡಿಬಿಡಿಯಲ್ಲೂ ಮುಂದಿನವರಿಗೆ ತೊಂದರೆಯಾಗದಿರಲೆಂದು ಪಂಪು ಹಾಕಿ ಹೋದ ಮಹಾನುಭಾವ! ಹೊರಗಿನವನಂತೂ ಅಲ್ಲ. ಹಾಳು ಮಾಡಲು ಬಂದವನೂ ಅಲ್ಲ; ಹಾಗಿದ್ದರೆ ಹರಳಿನ ಸೀಸೆಯನ್ನು ಹೊರತಂದು ಮುಚ್ಚಳ ತೆಗೆದಿಟ್ಟಿದ್ದರೆ ಸಾಕಿತ್ತು.

"ಅದನ್ನ ಇಟ್ಕೊಂಡು ಏನು ಮಾಡಬಹುದು?"

"ಒಂಟಿ ಎಲೆಕ್ಟ್ರಾನ್ ನಿಜವಾಗಿ ಇದೆಯಾ ಅಂತ ಅಳೀಬಹುದು. ಆ ಯಂತ್ರ ನೆಲಮಾಳಿಗೆಯಲ್ಲಿದೆ."

ಯಂತ್ರದ ಮುಂದೆ ಕೂತಿದ್ದವನು ಅವಳದೇ ಲ್ಯಾಬಿನ ಹಿರಿಯ ಸಂಶೋಧಕ. ಅವನು ಓಡಲಿಲ್ಲ. ಗಾಜನ್ನೇ ಕರಗಿಸಿ ಬಾಯಿ ಮುಚ್ಚಿದ ಕೊಳವೆಯನ್ನು ಯಂತ್ರದಿಂದ ತೆಗೆದು ಮುಂದಿಟ್ಟ. ಒಳಗೆ ನೀಲಿ ಹಾಗೇ ಇತ್ತು.

"ಒಡೆದು ನೋಡ್ಲಾ ಸಾರ್?" ಎಂದ ಕಾನ್‌ಸ್ಟೆಬಲ್.

"ಬೇಡ!" ಕಳ್ಳನೂ ದೂರುದಾರಳೂ ಒಟ್ಟಿಗೇ ಕಿರುಚಿದರು.

"ಯಾಕ್ರೀ ಕದ್ರಿ?" ಇನ್ಸ್‌ಪೆಕ್ಟರ್ ಕೇಳಿದರು.

"ಆರು ವರ್ಷದಿಂದ ನಾನೂ ಇದನ್ನೇ ಮಾಡ್ತಿದೀನಿ ಸರ್. ನನ್ನದು ಸಂಜೆಯೊಳಗೆ ಬಣ್ಣ ಬಿಡುತ್ತೆ. ಇವಳದೂ ಸುಳ್ಳು ಅಂತ ಗೊತ್ತಾಗಿದ್ರೆ ಸಮಾಧಾನ ಆಗ್ತಿತ್ತು."

"ಕೇಳಿದ್ರೆ ನಾನೇ ಕೊಡ್ತಿದ್ದೆನಲ್ಲ ಅಣ್ಣಾ," ಅಂದಳು ಅವಳು.

"ನಿನ್ನ ಹತ್ರ ಕೇಳೋಕೆ ಬಾಯಿ ಬರಲಿಲ್ಲಮ್ಮಾ."

ಬಂಧನದ ಕಾಗದಗಳಾದವು. ಜಪ್ತಿ ಮಾಡಿದ ಕೊಳವೆಯನ್ನು ಇನ್ಸ್‌ಪೆಕ್ಟರ್ ಮುಚ್ಚಳಿಕೆ ಬರೆಸಿಕೊಂಡು ಅವಳ ಸುಪರ್ದಿಗೇ ಕೊಟ್ಟರು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

ಬಾಗಿಲ ಬಳಿ ಹಿರಿಯ ನಿಂತ.

"ಆ ಯಂತ್ರದ ಪರದೆ ಮೇಲಿರೋದು ನಿನ್ನ ಒಂಟಿ ಎಲೆಕ್ಟ್ರಾನಿನ ಗೆರೆಗಳು, ಸೋಮವಾರ ಅದನ್ನ ತೋರಿಸು. ರಾತ್ರಿಯಿಡೀ ಅಳೆದಿದೀನಿ, ಒಂಚೂರೂ ಇಳಿದಿಲ್ಲ. ನಿನ್ನದು ಉಳಿಯುತ್ತೆ ಕಣಮ್ಮಾ."