ಟೈಲರ್ ತಾತನ ಹಣೆಬಟ್ಟೆ

ಬೆಳಗಿನ ರಕ್ತಪರೀಕ್ಷೆಯಲ್ಲೂ ಟೈಲರ್ ತಾತನ ಮೈಯ ಉಪ್ಪಿನಂಶ ಇಳಿದೇ ಇತ್ತು. ಗಟ್ಟಿ ಉಪ್ಪುನೀರಿನ ಡ್ರಿಪ್ ಹನಿಹನಿಯಾಗಿ ಒಳಗೆ ಹೋಗುತ್ತಿದ್ದರೂ ಅವರು ಹೆಂಡತಿಯನ್ನೇ ಗುರುತಿಸದೆ ಗಾಳಿಯಲ್ಲಿ ಸೂಜಿಗೆ ದಾರ ಪೋಣಿಸುತ್ತಿದ್ದರು.

ಇನ್ನೂ ಇಳಿದರೆ ಫಿಟ್ಸ್ ಬರಬಹುದು, ಜೀವಕ್ಕೇ ಸಂಚಕಾರ ಎಂದರು ಡಾಕ್ಟರು. ಮಗ ಕಿರಿಯ ನರ್ಸಿನತ್ತ ಬೆರಳು ತೋರಿದ. "ಡ್ರಿಪ್ಪಲ್ಲೇ ಏನೋ ಎಡವಟ್ಟು ಮಾಡಿದಾಳೆ. ಮೊದಲು ಇವಳನ್ನ ಕಳಿಸಿ."

ಹುಡುಗಿ ಎಲ್ಲವನ್ನೂ ಮತ್ತೊಮ್ಮೆ ಪರೀಕ್ಷಿಸಿದಳು. ಬಾಟಲಿ ಸರಿಯಿತ್ತು, ಸೂಜಿ ಸರಿಯಿತ್ತು, ಹನಿ ಬೀಳುವ ವೇಗವೂ ಸರಿಯಿತ್ತು. ಸರಿಯಿಲ್ಲದ್ದು ತನ್ನ ಹಣೆಬರಹವೊಂದೇ ಎನಿಸಿ, ಅವಳು ಹೆಡ್ ನರ್ಸನ್ನು ಕರೆತಂದಳು. ಕಳೆದುಹೋದ ಚಪ್ಪಲಿಯಿಂದ ಹಿಡಿದು ಕದ್ದ ಮಾತ್ರೆಯವರೆಗೆ ಎಲ್ಲ ಪತ್ತೆ ಮಾಡುತ್ತಿದ್ದ ಅವರಿಗೆ ವಾರ್ಡು ಇಟ್ಟ ಹೆಸರು ಪೊಲೀಸಕ್ಕ.

ಪೊಲೀಸಕ್ಕ ಡ್ರಿಪ್ಪನ್ನು ಒಮ್ಮೆ ನೋಡಿ ಬಿಟ್ಟರು. ತಾತನ ಹಣೆಯ ಮೇಲಿದ್ದ ಒದ್ದೆ ಬಟ್ಟೆಯನ್ನೆತ್ತಿ ಅದರ ಅಂಚಿನುದ್ದಕ್ಕೂ ಬೆರಳಾಡಿಸಿದರು. ಜ್ವರವಿದೆಯೇ ಎಂದು ವಿಚಾರಿಸಿದರು. ಇಲ್ಲ, ಸೆಕೆಗೆ ತಂಪಾಗಲಿ ಎಂದು ಹಾಕಿದ್ದು ಎಂದಳು ಅಜ್ಜಿ. ಬಟ್ಟೆ ಹೊಲಿದವರು ಯಾರೆಂದರೆ, ತಾತನೇ. ಪಕ್ಕದ ಬೋಗುಣಿಗೆ ನೀರು ತುಂಬುವವರು ಯಾರೆಂದರೆ, ಅಜ್ಜಿ ಕೇಳಿದಾಗಲೆಲ್ಲ ಕಿರಿಯ ನರ್ಸೇ.

ಆಮೇಲೆ ಎಲ್ಲರನ್ನೂ ಮಂಚದ ಸುತ್ತ ನಿಲ್ಲಿಸಿದರು.

"ಇವರ ಮೈಯಲ್ಲಿ ನೀರು ಹೆಚ್ಚಾಗಿ ಉಪ್ಪು ತೆಳುವಾಗಿದೆ. ಅದಕ್ಕೇ ಕುಡಿಯೋ ನೀರಿಗೆ ಕಡಿವಾಣ. ನಾವು ಉಪ್ಪು ಹಾಕ್ತಿದೀವಿ, ಯಾರೋ ನೀರು ಸುರೀತಿದಾರೆ. ಲೋಟ ಅಳೆದು ಕೊಡ್ತೀವಿ, ಬೋಗುಣಿಯನ್ನ ಯಾರೂ ಅಳೀಲಿಲ್ಲ. ಜ್ವರ ಇಲ್ಲದ ಹಣೆ ಬೋಗುಣಿ ಮೇಲೆ ಬೋಗುಣಿ ನೀರು ಕುಡಿಯುತ್ತಾ? ದಿಂಬು ನೋಡಿ, ಒಣಗಿದೆ. ಇನ್ನು ಈ ಅಂಚು. ತಾತ ಹೊಲಿದದ್ದು ತಾನಾಗಿ ಬಿಚ್ಚಲ್ಲ. ಮೂಲೇಲಿ ಮಾತ್ರ ಎಳೆ ಎದ್ದಿದೆ. ದಾರ ಕಚ್ಚಿ ಪಳಗಿದ ಹಲ್ಲು ಇದನ್ನ ಚೀಪಿದೆ."

ಮಗ ತಾಯಿಯ ಕಡೆ ತಿರುಗಿದ. ಅಜ್ಜಿ ತಲೆಯೆತ್ತಲಿಲ್ಲ.

"ನೀರು ಕುಡಿಸಿಲ್ಲಮ್ಮ, ಬಟ್ಟೆ ತುಟಿಗೆ ಒತ್ತಿದೆ ಅಷ್ಟೆ. ಇಷ್ಟು ವರ್ಷದ ಸಂಸಾರದಲ್ಲಿ ಈ ಮನುಷ್ಯ ನನ್ನನ್ನ ಒಂದು ವಸ್ತು ಬೇಕು ಅಂತ ಕೇಳಿದ್ದಿಲ್ಲ. ಈಗ ಕೇಳಿದ್ರು. ಹೇಗೆ ಇಲ್ಲ ಅನ್ನಲಿ?"

ಪೊಲೀಸಕ್ಕ ಬಟ್ಟೆಯನ್ನು ತಮ್ಮ ಬಳಿಯೇ ಇಟ್ಟುಕೊಂಡು, ಬೋಗುಣಿಯನ್ನು ಆಚೆ ಒಯ್ಯಲು ಹೇಳಿದರು. ಕಿರಿಯ ನರ್ಸಿನ ಕೆಲಸ ಉಳಿಯಿತು. ತಾನೇ ತುಂಬಿದ ಬೋಗುಣಿಯನ್ನು ತಾನೇ ಎತ್ತಿಕೊಂಡಳು. ನೀರು ತುಳುಕಿದ ಸದ್ದಿಗೆ ತಾತ ಒಣಬಾಯಿ ತೆರೆದು ಅವಳತ್ತ ಹೊರಳಿದರು.

"ಮಗಳೇ, ಒಂದೇ ಗುಟುಕು."

ಎಲ್ಲರೂ ಡ್ರಿಪ್ಪಿನ ಹನಿಯನ್ನೇ ನೋಡುತ್ತ ನಿಂತರು. ಅಜ್ಜಿ ಮಾತ್ರ ತನ್ನ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಅದುಮಿಕೊಂಡಳು.