ಬಿಟ್ಟುಹೋದ ಸಾಲು

ಬುಧವಾರ ಬೆಳಿಗ್ಗೆ 10.20ಕ್ಕೆ ಪತ್ರಾಗಾರದ ಮೇಲ್ವಿಚಾರಕಿ ಠಾಣೆಗೆ ಬಂದು ದೂರು ಕೊಟ್ಟರು. ಎಂಟುನೂರು ವರ್ಷಗಳ ಹಿಂದೆ ಮಠವೊಂದು ತನಗೆ ಸಂದ ದಾನಪತ್ರಗಳನ್ನೆಲ್ಲ ನಕಲು ಮಾಡಿಸಿಟ್ಟಿದ್ದ ತಾಳೆಗರಿಗಳ ಪುಸ್ತಕ ಕಾಣೆಯಾಗಿತ್ತು. ಮೂಲಪತ್ರಗಳು ಎಂದೋ ಹಾಳಾಗಿದ್ದವು. ಉಳಿದದ್ದು ಈ ನಕಲೊಂದೇ.

"ನದಿದಂಡೆ ಜಾಗದ ಅಪೀಲಿಗೆ ನಾಳೆ ಹನ್ನೊಂದಕ್ಕೆ ಅದನ್ನ ಮೇಲಿನ ಕೋರ್ಟಿಗೆ ಕೊಡ್ಬೇಕು ಸಾರ್. ಇಲ್ಲಾಂದ್ರೆ ನದಿದಂಡೆಯ ಎಪ್ಪತ್ತು ಮನೆ ಖಾಲಿ ಮಾಡಿಸ್ತಾರೆ." ಆಕೆ ಕೋರ್ಟಿನ ನೋಟಿಸನ್ನು ಮೇಜಿನ ಮೇಲಿಟ್ಟರು.

ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ 11.05ಕ್ಕೆ ಸ್ಥಳ ಪಂಚನಾಮೆ ಶುರುಮಾಡಿದರು. ಬೀಗ ಮುರಿದಿರಲಿಲ್ಲ. ಕಿಟಕಿಯ ಸರಳುಗಳು ಭದ್ರವಾಗಿದ್ದವು. ಭೇಟಿ ಪುಸ್ತಕದಲ್ಲಿ ಮಂಗಳವಾರ ಒಂದೂ ಹೆಸರಿಲ್ಲ.

"ಸಹಿ ಮಾಡ್ದೆ ಒಳಗೆ ಹೋಗೋರು ಯಾರೂ ಇಲ್ವಾ ಮೇಡಂ?" ಮುಖ್ಯಪೇದೆ ಕೇಳಿದ.

"ಇಲ್ಲ."

"ಯೋಚನೆ ಮಾಡಿ ಹೇಳಿ."

ಆಕೆ ತಡವರಿಸಿದರು. "ನಮ್ಮ ಮೇಷ್ಟ್ರು ಬಂದಿದ್ರು. ಅವರ ಹತ್ರ ಸಹಿ ಕೇಳೋದಾ? ಆ ಪುಸ್ತಕ ಓದಿ ಅಚ್ಚು ಹಾಕಿಸಿದವ್ರೇ ಅವ್ರು. ನಂಗೆ ಹಳೇ ಲಿಪಿ ಕಲಿಸಿದವ್ರು."

"ಬೇಲೀನೇ ಎದ್ದು ಹೊಲ ಮೇಯ್ತಾ?" ಪೇದೆ ಗೊಣಗಿದ. ಇನ್‌ಸ್ಪೆಕ್ಟರ್ ಆಗಲೇ ಜೀಪಿನತ್ತ ಓಡುತ್ತಿದ್ದರು.

12.40. ಮೇಷ್ಟ್ರ ಮನೆಯ ಹೊಗೆಗೂಡಿನಿಂದ ದಟ್ಟ ಹೊಗೆ ಏಳುತ್ತಿತ್ತು. ಕಂಡದ್ದೇ ತಡ, ಪೇದೆ ಬಾಗಿಲಿಗೆ ಹೆಗಲು ಕೊಟ್ಟ. ಚಿಲಕ ಹಾಕಿರಲಿಲ್ಲ, ಬರೀ ಮುಂದೆ ಮಾಡಿತ್ತು. ಮುಗ್ಗರಿಸಿ ಒಳಗೆ ಬಿದ್ದ.

ಒಲೆಯ ಮುಂದೆ ಮುದುಕರು ಕೂತಿದ್ದರು. ಉರಿಯುತ್ತಿದ್ದದ್ದು ಅವರದೇ ಟಿಪ್ಪಣಿ ಪುಸ್ತಕಗಳು. ಹಳೆಯ ಪುಸ್ತಕ ತೊಡೆಯ ಮೇಲಿತ್ತು.

"ಇದಕ್ಕೆ ಕೈ ಬರಲಿಲ್ಲ," ಎಂದರು.

"ಯಾಕೆ ತಗೊಂಡ್ರಿ?" ಇನ್‌ಸ್ಪೆಕ್ಟರ್ ಕೇಳಿದರು.

ಮೇಷ್ಟ್ರು ಒಂದು ಗರಿ ತೆರೆದು ಬೆರಳಿಟ್ಟರು. "ಈ ಎರಡು ಸಾಲೂ ಒಂದೇ ಪದದಲ್ಲಿ ಮುಗೀತವೆ. ಬರೆದುಕೊಳ್ಳುವಾಗ ಕಣ್ಣು ಜಾರಿ ಎರಡನೇ ಸಾಲು ಬಿಟ್ಟುಬಿಟ್ಟೆ. ಹಾಗೇ ಅಚ್ಚಾಯ್ತು."

"ಏನಿದೆ ಅದ್ರಲ್ಲಿ?"

"ದಂಡೆ ಮೇಲಿನ ಮನೆಯೋರು ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ ಅಲ್ಲೇ ಇರಬಹುದು ಅಂತ."

"ಕೆಳಗಿನ ಕೋರ್ಟು ನಿಮ್ಮ ಅಚ್ಚಿನ ಪುಸ್ತಕ ನಂಬಿ ತೀರ್ಪು ಕೊಡ್ತು. ತಪ್ಪು ಯಾವಾಗ ಗೊತ್ತಾಯ್ತು?"

"ನಿನ್ನೆ. ಎಲ್ಲ ಸರಿ ಇದೆಯಾ ಅಂತ ನೋಡೋಕೇ ಹೋಗಿದ್ದೆ."

1.15ಕ್ಕೆ ದಸ್ತಗಿರಿಯಾಯಿತು. ಗುರುವಾರ 11.10ಕ್ಕೆ ಮೇಲ್ವಿಚಾರಕಿ ನ್ಯಾಯಾಧೀಶರ ಮುಂದೆ ಆ ಸಾಲನ್ನು ಓದಿದರು. ಅರ್ಧಕ್ಕೆ ನಿಲ್ಲಿಸಿದರು. ನೀರು ಕುಡಿದು ಮತ್ತೆ ಮೊದಲಿನಿಂದ ಓದಿದರು. ತೆರವಿಗೆ ತಡೆಯಾಜ್ಞೆ ಸಿಕ್ಕಿತು.

ಮೇಷ್ಟ್ರ ಹೇಳಿಕೆ ಒಂದೇ ಪುಟದ್ದು. ಅದರ ಕೊನೆಯಲ್ಲಿ ಹೀಗಿತ್ತು: "ಮೂವತ್ತೆಂಟು ವರ್ಷ ಮಕ್ಕಳ ತಪ್ಪು ತಿದ್ದಿದೆ. ನನ್ನ ತಪ್ಪನ್ನು ನನ್ನ ಶಿಷ್ಯೆ ತುಂಬಿದ ಸಭೆಯಲ್ಲಿ ಓದುವುದನ್ನು ಕೇಳಲಾರೆನೆಂದು ಹೆದರಿದೆ."