ಅಣ್ಣನ ತೋಳಿನ ಹದ್ದು

ಇದು ಹಾಡಹಗಲಲ್ಲಿ ನಡೆದದ್ದು. ಯುದ್ಧದಿಂದ ಮರಳದ ಅಣ್ಣನ ಗೇಣುದ್ದದ ಬೊಂಬೆ ಮಾಡುತ್ತಿದ್ದೆ; ಅದಕ್ಕೆ ತೋಳಿನ ಲಾಂಛನವೊಂದೇ ಬಾಕಿಯಿತ್ತು. ಅದು ಹೇಗಿತ್ತೆಂದು ನೆನಪಾಗದೆ ಅತ್ತಿಗೆ ಕೊರಗುತ್ತಿದ್ದರು. ಮಸುಕಾದ ಫೋಟೊ ನೋಡಿ, ರೆಕ್ಕೆ ಮಡಿಸಿದ ಹದ್ದನ್ನು ಬರೆದು, ನೀರಲ್ಲಿ ನೆನೆಸಿ ಅಂಟಿಸುವ ಡೆಕಾಲ್ ಹಾಳೆಯಲ್ಲಿ ಪ್ರಿಂಟ್ ತೆಗೆದೆ. ಸಂಭ್ರಮದಲ್ಲಿ, ಬಣ್ಣ ಕರಗದಂತೆ ಮೇಲೆ ವಾರ್ನಿಶ್ ಬಳಿಯುವುದನ್ನೇ ಮರೆತೆ. ಹಾಳೆಯನ್ನು ನೀರಿಗೆ ಹಾಕಿದ್ದೇ ಬಣ್ಣವೆಲ್ಲ ಕರಗಿ ನೀರು ನೀಲಿಯಾಯಿತು.

“ಹೋಯ್ತು ಅತ್ತಿಗೆ, ಹದ್ದಿಗೆ ಸ್ನಾನ ಜಾಸ್ತಿಯಾಯ್ತು!”

“ಅಂಟಿಸೇ, ನೋಡೇ ಬಿಡೋಣ,” ಎಂದು ಅವರು ನಕ್ಕರು.

ಹಾಳೆಯಿಂದ ಬಿಟ್ಟುಕೊಂಡ, ಚಿತ್ರವಿಲ್ಲದೆ ಬರಿದಾದ ತೆಳು ಪೊರೆಯನ್ನು ಬೊಂಬೆಯ ತೋಳಿಗೆ ಜಾರಿಸಿ ಬಟ್ಟೆಯಿಂದ ಒತ್ತಿದೆ. ಬಟ್ಟೆ ತೆಗೆದಾಗ ಅಲ್ಲಿ ಹದ್ದಿತ್ತು, ರೆಕ್ಕೆ ಬಿಚ್ಚಿಕೊಂಡು.

“ಇದೇ ಕಣೇ! ನಿಮ್ಮಣ್ಣನ ತೋಳಲ್ಲಿದ್ದದ್ದು ಇದೇ!” ಅತ್ತಿಗೆ ಕುಣಿದಾಡಿಬಿಟ್ಟರು. ನನಗೂ ಮೈ ಜುಮ್ಮೆಂದಿತು.

ದಿನವೂ ಮುಟ್ಟಿ ನೋಡುತ್ತೇನೆ. ಬೊಂಬೆಯ ಮೈಯೆಲ್ಲ ತಣ್ಣಗಿರುತ್ತದೆ. ಆ ತೋಳು ಮಾತ್ರ ಬೆಚ್ಚಗಿರುತ್ತದೆ.